ಮದ್ಯದಿಂದ ಕೆಡುವ ಯಕೃತ್ತು ಮತ್ತು ನೆಲನೆಲ್ಲಿ

ಮುಂಗಾರು ಮಳೆ ಬಿದ್ದು ಎರಡು ಮೂರು ವಾರ ಕಳೆಯುವಷ್ಟರಲ್ಲಿ ಹೊಲದ ಬದು, ತೋಟದ ಪಾತಿ, ಗೊಬ್ಬರದ ಗುಂಡಿಯ ಅಂಚು ಎಲ್ಲೆಂದರಲ್ಲಿ ತಲೆಯೆತ್ತುವ ಕಳೆಗಳಲ್ಲಿ ನೆಲನೆಲ್ಲಿಯೂ ಒಂದು. ಗೇಣುದ್ದದ ಈ ಗಿಡವನ್ನು ಕೆಲವೆಡೆ ಕಿರುನೆಲ್ಲಿ ಎಂದು ಕರೆಯುವುದೂ ಉಂಟು. ಕಳೆ ತೆಗೆಯುವಾಗ ಕಿತ್ತು ಬದುವಿನಾಚೆ ಎಸೆಯುವ ಈ ಗಿಡವನ್ನೇ, ಮನೆಯಲ್ಲಿ ಯಾರಿಗಾದರೂ ಕಾಮಾಲೆ ಆದಾಗ ಹುಡುಕಿಕೊಂಡು ಹೋಗುವುದು ಹಳ್ಳಿಗಳಲ್ಲಿ ಹಿಂದಿನಿಂದ ನಡೆದುಬಂದ ರೂಢಿ. ಬೇರುಸಹಿತ ತೊಳೆದು, ಅರೆದು, ಮಜ್ಜಿಗೆಯಲ್ಲೋ ಹಾಲಿನಲ್ಲೋ ಕದಡಿ ಬರಿಹೊಟ್ಟೆಗೆ ಕೊಡುತ್ತಾರೆ. ಆಯುರ್ವೇದದಲ್ಲಿ ಇದಕ್ಕೆ ಭೂಮ್ಯಾಮಲಕಿ ಎಂದು ಹೆಸರು. ಸಸ್ಯಶಾಸ್ತ್ರದಲ್ಲಿ ಫಿಲಾಂಥಸ್ ಅಮಾರಸ್.

ಈಚಿನ ವರ್ಷಗಳಲ್ಲಿ ಈ ರೂಢಿಗೆ ಹೊಸದೊಂದು ಬಾಲ ಬೆಳೆದಿದೆ. ರಾತ್ರಿ ಕುಡಿದವರು ಬೆಳಿಗ್ಗೆ ಒಂದು ಲೋಟ ನೆಲನೆಲ್ಲಿ ರಸ ಕುಡಿದರೆ ಯಕೃತ್ತಿಗೆ ಏನೂ ಆಗದು ಎಂಬ ನಂಬಿಕೆಯೇ ಅದು. ಔಷಧಿ ಅಂಗಡಿಗಳಲ್ಲಿ 'ಲಿವರ್ ಟಾನಿಕ್' ಎಂದು ಮಾರುವ ಸೀಸೆಗಳ ಚೀಟಿಯ ಮೇಲೂ ನೆಲನೆಲ್ಲಿ, ಗರುಗ, ಕಾಲಮೇಘ, ಕಟುಕರೋಹಿಣಿ ಮುಂತಾದ ಹೆಸರುಗಳು ಕಾಣುತ್ತವೆ. ಇಂಥ ಔಷಧಿಗಳಿಗೆ ಬೇಡಿಕೆ ಇರುವುದರಿಂದ ನೆಲನೆಲ್ಲಿಯನ್ನು ಬೆಳೆಯಾಗಿ ಬೆಳೆಯಬಹುದೇ ಎಂದು ಕೇಳುವ ರೈತರೂ ಇದ್ದಾರೆ. ಬೆಳೆಯಬಹುದು. ಆದರೆ ಬೆಳೆಯುವವರಿಗೂ ಕುಡಿಯುವವರಿಗೂ ಈ ಗಿಡ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದು ಮೊದಲು ತಿಳಿದಿರಬೇಕು.

ಯಕೃತ್ತಿನಲ್ಲಿ ನಡೆಯುವುದೇನು?

ಯಕೃತ್ತು ಬಲಭಾಗದ ಪಕ್ಕೆಲುಬಿನ ಅಡಿಯಲ್ಲಿರುವ, ವಯಸ್ಕರಲ್ಲಿ ಸುಮಾರು ಒಂದೂವರೆ ಕಿಲೋ ತೂಗುವ ಅಂಗ. ಆಡುಮಾತಿನಲ್ಲಿ ಇದಕ್ಕೆ ಈಲಿ ಎನ್ನುತ್ತಾರೆ, ಈಗ ಲಿವರ್ ಎನ್ನುವುದೇ ಹೆಚ್ಚು. ಕರುಳು ಹೀರಿದ ಆಹಾರಸಾರವೆಲ್ಲ ಮೊದಲು ಇಲ್ಲಿಗೆ ಬರುತ್ತದೆ. ಮದ್ಯವೂ ಇಲ್ಲಿಗೇ ಬರುತ್ತದೆ. ಕುಡಿದ ಮದ್ಯಸಾರದ ಬಹುಪಾಲನ್ನು ಒಡೆದು ಹಾಕುವ ಕೆಲಸ ಯಕೃತ್ತಿನ ಜೀವಕೋಶಗಳದ್ದು.

ಈ ಒಡೆಯುವಿಕೆ ಎರಡು ಹಂತದಲ್ಲಿ ನಡೆಯುತ್ತದೆ. ಮೊದಲ ಕಿಣ್ವವು ಮದ್ಯಸಾರವನ್ನು ಅಸಿಟಾಲ್ಡಿಹೈಡ್ ಎಂಬ ವಸ್ತುವಾಗಿ ಮಾರ್ಪಡಿಸುತ್ತದೆ. ಎರಡನೆಯ ಕಿಣ್ವವು ಅದನ್ನು ನಿರಪಾಯವಾದ ಅಸಿಟೇಟ್ ಆಗಿ ಮಾಡುತ್ತದೆ. ನಡುವೆ ಬರುವ ಅಸಿಟಾಲ್ಡಿಹೈಡ್ ಮದ್ಯಕ್ಕಿಂತಲೂ ಹೆಚ್ಚು ವಿಷಕಾರಿ. ಅದು ಜೀವಕೋಶದ ಸಸಾರಜನಕ ವಸ್ತುಗಳಿಗೆ ಅಂಟಿಕೊಂಡು ಅವುಗಳ ಕೆಲಸ ಕೆಡಿಸುತ್ತದೆ. ದಿನವೂ ಹೆಚ್ಚು ಕುಡಿಯುವವರಲ್ಲಿ ಮದ್ಯವನ್ನು ಒಡೆಯಲು ಮೂರನೆಯ ಕಿಣ್ವವೊಂದು ಚುರುಕಾಗುತ್ತದೆ. ಇದು ಕೆಲಸ ಮಾಡುವಾಗ ಜೀವಕೋಶವನ್ನು ಒಳಗಿನಿಂದಲೇ ಸುಡುವಂಥ ಆಮ್ಲಜನಕದ ಉಗ್ರ ಕಣಗಳನ್ನು ಬಿಡುತ್ತದೆ. ಇವುಗಳನ್ನು ತಣಿಸಲು ಯಕೃತ್ತಿನಲ್ಲಿ ಗ್ಲುಟಾಥಯೋನ್ ಎಂಬ ವಸ್ತುವಿನ ದಾಸ್ತಾನು ಇರುತ್ತದೆ. ಕುಡಿತ ಮುಂದುವರಿದಂತೆ ಈ ದಾಸ್ತಾನು ಬರಿದಾಗುತ್ತ ಬರುತ್ತದೆ. ಜೊತೆಗೆ ಮದ್ಯವು ಕರುಳಿನ ಒಳಪದರವನ್ನು ಸೋರುವಂತೆ ಮಾಡುವುದರಿಂದ ಅಲ್ಲಿನ ಬ್ಯಾಕ್ಟೀರಿಯಾಗಳ ವಿಷವೂ ರಕ್ತದೊಡನೆ ಯಕೃತ್ತನ್ನು ಸೇರಿ ಊತವನ್ನು ಹೆಚ್ಚಿಸುತ್ತದೆ.

ಪ್ರಮಾಣದ ಮಾತನ್ನೂ ಇಲ್ಲೇ ಹೇಳುವುದು ಒಳ್ಳೆಯದು. ಕರ್ನಾಟಕದಲ್ಲಿ ಸಾರಾಯಿ ಮಾರಾಟವನ್ನು 2007ರ ಜುಲೈ 1ರಿಂದ ನಿಷೇಧಿಸಲಾಯಿತು. ಅದರ ಸ್ಥಾನಕ್ಕೆ ಹಳ್ಳಿಗಳಲ್ಲಿ ಬಂದದ್ದು 90 ಮತ್ತು 180 ಮಿಲಿಲೀಟರಿನ ಅಗ್ಗದ ವಿಸ್ಕಿ, ರಮ್, ಬ್ರಾಂಡಿ. ಇವುಗಳಲ್ಲಿ ಮದ್ಯಸಾರ ನೂರಕ್ಕೆ 42.8 ಪಾಲು. ಲೆಕ್ಕ ಹಾಕಿದರೆ 90 ಮಿಲಿಲೀಟರಿನಲ್ಲಿ ಸುಮಾರು 30 ಗ್ರಾಂ, 180 ಮಿಲಿಲೀಟರಿನಲ್ಲಿ ಸುಮಾರು 60 ಗ್ರಾಂ ಶುದ್ಧ ಮದ್ಯಸಾರ ಇರುತ್ತದೆ. ಯಕೃತ್ತು ಗಂಟೆಗೆ ಒಡೆಯಬಲ್ಲದ್ದು ಸುಮಾರು 7ರಿಂದ 10 ಗ್ರಾಂ ಮಾತ್ರ. ಸಂಜೆ ಒಂದು ಕ್ವಾರ್ಟರ್ ಕುಡಿದವನ ಯಕೃತ್ತಿಗೆ ರಾತ್ರಿಯಿಡೀ ಅದೇ ಕೆಲಸ. ಬಿಯರಿನಲ್ಲಿ ಏನಿಲ್ಲ ಎನ್ನುವವರಿಗೂ ಒಂದು ಮಾತು: ನೂರಕ್ಕೆ 8 ಪಾಲು ಮದ್ಯಸಾರವಿರುವ 'ಸ್ಟ್ರಾಂಗ್' ಬಿಯರಿನ 650 ಮಿಲಿಲೀಟರಿನ ಒಂದು ಸೀಸೆಯಲ್ಲಿ ಸುಮಾರು 40 ಗ್ರಾಂ ಇರುತ್ತದೆ.

ಹಾನಿ ಒಂದೇ ದಿನದಲ್ಲಿ ಆಗುವುದಿಲ್ಲ. ಮೊದಲು ಯಕೃತ್ತಿನಲ್ಲಿ ಕೊಬ್ಬು ತುಂಬುತ್ತದೆ. ಹೆಚ್ಚು ಕುಡಿಯುವವರಲ್ಲಿ ನೂರಕ್ಕೆ 90 ಮಂದಿಗೆ ಇದು ಆಗುತ್ತದೆ, ಆದರೆ ನೋವಿಲ್ಲ, ಹೊರಗೆ ಗುರುತೂ ಇಲ್ಲ. ಕೆಲವರಲ್ಲಿ ಮುಂದೆ ಊತ ಬರುತ್ತದೆ: ಜ್ವರ, ಹಸಿವಿಲ್ಲದಿರುವುದು, ಕಣ್ಣು ಹಳದಿಯಾಗುವುದು. ಗಾಯವಾದ ಜಾಗದಲ್ಲಿ ನಾರು ಬೆಳೆದು ಬೆಳೆದು ಕೊನೆಗೆ ಯಕೃತ್ತು ಗಂಟುಗಂಟಾಗಿ ಗಟ್ಟಿಯಾಗುತ್ತದೆ. ಇದಕ್ಕೆ ಸಿರೋಸಿಸ್ ಎಂದು ಹೆಸರು. ಹೊಟ್ಟೆಯಲ್ಲಿ ನೀರು ತುಂಬುವುದು, ರಕ್ತ ವಾಂತಿ, ಮಂಕು ಕವಿಯುವುದು ಈ ಹಂತದ ಲಕ್ಷಣಗಳು. ಹೆಚ್ಚು ಕುಡಿಯುವವರಲ್ಲಿ ನೂರಕ್ಕೆ 10ರಿಂದ 20 ಮಂದಿ ಇಲ್ಲಿಗೆ ಬಂದು ಮುಟ್ಟುತ್ತಾರೆ. ಯಾರು ಮುಟ್ಟುತ್ತಾರೆ ಎಂದು ಮೊದಲೇ ಹೇಳಲು ಬಾರದು. ನೆರೆಯವನು ನಲವತ್ತು ವರ್ಷ ಕುಡಿದೂ ಗಟ್ಟಿಯಾಗಿದ್ದಾನೆ ಎಂಬುದು ತನಗೆ ಆಧಾರವಾಗಲಾರದು.

ಮೊದಲ ಹಂತದಲ್ಲಿ ಕುಡಿತ ಪೂರ್ತಿ ನಿಂತರೆ ನಾಲ್ಕರಿಂದ ಆರು ವಾರಗಳಲ್ಲಿ ಕೊಬ್ಬು ಕರಗಿ ಯಕೃತ್ತು ಬಹುಮಟ್ಟಿಗೆ ಮೊದಲಿನಂತಾಗುತ್ತದೆ. ಯಾವ ಔಷಧಿಯೂ ಇಲ್ಲದೆ ಇದು ಆಗುತ್ತದೆ ಎಂಬುದನ್ನು ಓದುಗರು ನೆನಪಿಡಬೇಕು. ಗಿಡಮೂಲಿಕೆಗಳ ವಿಷಯಕ್ಕೆ ಬಂದಾಗ ಇದು ಮತ್ತೆ ಬೇಕಾಗುತ್ತದೆ.

ಪ್ರಯೋಗಶಾಲೆಯಲ್ಲಿ ಕಂಡುಬಂದದ್ದು

ಒಂದು ಗಿಡಕ್ಕೆ ಯಕೃತ್ತನ್ನು ಕಾಪಾಡುವ ಗುಣವಿದೆಯೇ ಎಂದು ತಿಳಿಯಲು ವಿಜ್ಞಾನಿಗಳು ಸಾಮಾನ್ಯವಾಗಿ ಇಲಿಗಳನ್ನು ಬಳಸುತ್ತಾರೆ. ಒಂದು ಗುಂಪಿಗೆ ಬರೀ ವಿಷ, ಇನ್ನೊಂದಕ್ಕೆ ವಿಷ ಮತ್ತು ಗಿಡದ ಸಾರ, ಮೂರನೆಯದಕ್ಕೆ ಎರಡೂ ಇಲ್ಲ. ವಿಷವೆಂದರೆ ಕಾರ್ಬನ್ ಟೆಟ್ರಾಕ್ಲೋರೈಡ್, ಹೆಚ್ಚಿನ ಪ್ರಮಾಣದ ಪ್ಯಾರಾಸಿಟಮಾಲ್ ಅಥವಾ ಮದ್ಯಸಾರ. ಬಳಿಕ ರಕ್ತದಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿ ಎಂಬ ಕಿಣ್ವಗಳ ಮಟ್ಟವನ್ನು ಅಳೆಯಲಾಗುತ್ತದೆ. ಈ ಕಿಣ್ವಗಳ ಜಾಗ ಜೀವಕೋಶದ ಒಳಗೆ. ಚೀಲ ಹರಿದಾಗ ಕಾಳು ನೆಲಕ್ಕೆ ಸುರಿಯುವಂತೆ, ಯಕೃತ್ತಿನ ಜೀವಕೋಶ ಒಡೆದಾಗ ಇವು ರಕ್ತಕ್ಕೆ ಸೇರುತ್ತವೆ. ಆಸ್ಪತ್ರೆಗಳಲ್ಲಿ ಮಾಡಿಸುವ ಲಿವರ್ ಪರೀಕ್ಷೆಯಲ್ಲಿ ನೋಡುವುದೂ ಇವನ್ನೇ.

ನೆಲನೆಲ್ಲಿ ಮತ್ತು ಮದ್ಯದ ಬಗ್ಗೆ ಥಾಯ್ಲೆಂಡಿನ ವಿಜ್ಞಾನಿಗಳು 2007ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ವಿಚಾರ ಮಾಡತಕ್ಕದ್ದು. ಗಿಡದ ನೀರಿನ ಸಾರವನ್ನು ಇಲಿಗಳಿಗೆ ಕಿಲೋ ದೇಹತೂಕಕ್ಕೆ 25, 50 ಮತ್ತು 75 ಮಿಲಿಗ್ರಾಂ ಪ್ರಮಾಣದಲ್ಲಿ ಕೊಟ್ಟು, 24 ಗಂಟೆಗಳ ಬಳಿಕ ಕಿಲೋಗೆ 5 ಗ್ರಾಂ ಮದ್ಯಸಾರ ಕುಡಿಸಲಾಯಿತು. ಸಾರ ಕೊಟ್ಟ ಇಲಿಗಳಲ್ಲಿ ಕಿಣ್ವಗಳ ಏರಿಕೆಯೂ ಯಕೃತ್ತಿನ ಕೊಬ್ಬೂ ಕಡಿಮೆ ಇದ್ದವು. 75 ಮಿಲಿಗ್ರಾಂ ಅತ್ಯುತ್ತಮವಾಗಿ ಕಂಡಿತು. ಇನ್ನೊಂದು ಪ್ರಯೋಗದಲ್ಲಿ 21 ದಿನ ದಿನಕ್ಕೆ ಕಿಲೋಗೆ 4 ಗ್ರಾಂ ಮದ್ಯ ಕೊಟ್ಟು, ಆನಂತರ 7 ದಿನ ಸಾರ ಕೊಡಲಾಯಿತು. ಈ ಇಲಿಗಳ ಯಕೃತ್ತು ಬೇಗ ಚೇತರಿಸಿಕೊಂಡಿತು.

ಇದು ಒಳ್ಳೆಯ ಫಲಿತಾಂಶವೇ. ಹಳ್ಳಿಯ ನಂಬಿಕೆ ಪೂರ್ತಿ ಹುಸಿಯಲ್ಲ ಎಂಬುದಕ್ಕೆ ಇದೊಂದು ಆಧಾರ. ಆದರೆ ಎರಡನೆಯ ಪ್ರಯೋಗವನ್ನು ಇನ್ನೊಮ್ಮೆ ಗಮನಿಸಬೇಕು. ಅಲ್ಲಿ ಸಾರ ಕೊಟ್ಟದ್ದು 21 ದಿನಗಳ ಕುಡಿತ ಮುಗಿದ ಮೇಲೆ. ರಾತ್ರಿ ಕುಡಿದು ಬೆಳಿಗ್ಗೆ ರಸ ಕುಡಿದು ಮತ್ತೆ ಸಂಜೆ ಕುಡಿಯುವವನ ಸ್ಥಿತಿ ಆ ಇಲಿಯದ್ದಲ್ಲ. ಮೊದಲ ಪ್ರಯೋಗದಲ್ಲೂ ಸಾರ ಬಂದದ್ದು ವಿಷಕ್ಕಿಂತ ಒಂದು ದಿನ ಮುಂಚೆ, ಮದ್ಯ ಬಿದ್ದದ್ದು ಒಂದೇ ಒಂದು ಸಲ.

ಪ್ರಮಾಣದ ಮಾತೂ ಹಾಗೆಯೇ. ಕಿಲೋಗೆ 5 ಗ್ರಾಂ ಎಂಬುದನ್ನು 60 ಕಿಲೋ ತೂಕದ ಮನುಷ್ಯನಿಗೆ ಹಾಗೇ ಗುಣಿಸಿದರೆ 300 ಗ್ರಾಂ, ಅಂದರೆ ಒಂದೇ ಸಲಕ್ಕೆ ಐದು ಕ್ವಾರ್ಟರ್. ಸಾರವೂ ಅದೇ ಲೆಕ್ಕದಲ್ಲಿ 4.5 ಗ್ರಾಂ ಆಗುತ್ತದೆ. ಇಲಿಯ ದೇಹ ಮನುಷ್ಯನದ್ದಕ್ಕಿಂತ ವೇಗವಾಗಿ ಕೆಲಸ ಮಾಡುವುದರಿಂದ ಇಂಥ ನೇರ ಗುಣಾಕಾರ ನಿಜಕ್ಕೆ ಹೊಂದುವುದಿಲ್ಲ. ಒಣಗಿದ ಸಾರದ ಒಂದು ಗ್ರಾಂ ಎಂದರೆ ಅರೆದ ಸೊಪ್ಪಿನ ಒಂದು ಗ್ರಾಂ ಅಲ್ಲ ಎಂಬುದೂ ಸ್ಪಷ್ಟ. ಒಂದು ಹಿಡಿ ಗಿಡದಲ್ಲಿ ಎಷ್ಟು ಸಾರವಿದೆ ಎಂದು ಅಡಿಗೆಮನೆಯಲ್ಲಿ ತಿಳಿಯುವ ಉಪಾಯವಿಲ್ಲ. ಇನ್ನೂ ಒಂದು ತೊಡಕೆಂದರೆ, ಇಲಿಗೆ ಮದ್ಯ ಕೊಟ್ಟರೆ ಯಕೃತ್ತಿನಲ್ಲಿ ಕೊಬ್ಬು ತುಂಬುತ್ತದೆಯೇ ಹೊರತು ಮನುಷ್ಯನಲ್ಲಿ ಆಗುವಂತೆ ಸಿರೋಸಿಸ್ ಸುಲಭವಾಗಿ ಆಗುವುದಿಲ್ಲ. ಆದ್ದರಿಂದ ಗಟ್ಟಿಯಾದ ಯಕೃತ್ತನ್ನು ಗಿಡ ಮೆದುಗೊಳಿಸುತ್ತದೆ ಎಂದು ಈ ಪ್ರಯೋಗಗಳಿಂದ ಹೇಳಲಾಗದು.

ನೆಲನೆಲ್ಲಿಯ ಎಲೆಗಳಲ್ಲಿರುವ ಫಿಲಾಂಥಿನ್, ಹೈಪೋಫಿಲಾಂಥಿನ್ ಎಂಬ ವಸ್ತುಗಳೇ ಇದರ ಗುಣಕ್ಕೆ ಕಾರಣವೆಂದು ಹೆಚ್ಚಾಗಿ ಹೇಳಲಾಗುತ್ತದೆ. ಮಾರುಕಟ್ಟೆಯಲ್ಲಿ ಗಿಡದ ಗುಣಮಟ್ಟವನ್ನು ಅಳೆಯುವುದೂ ಇವುಗಳಿಂದಲೇ. ಆದರೆ ಇವು ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ. ನೀರಿಗೆ ಹೆಚ್ಚಾಗಿ ಇಳಿಯುವುದು ಟ್ಯಾನಿನ್ ಜಾತಿಯ ಒಗರು ವಸ್ತುಗಳು. ಮೇಲಿನ ಪ್ರಯೋಗದಲ್ಲಿ ಬಳಸಿದ್ದು ನೀರಿನ ಸಾರ ಎಂಬುದನ್ನು ನೋಡಿದರೆ, ಗುಣವೆಲ್ಲ ಫಿಲಾಂಥಿನ್ ಒಂದರದ್ದೇ ಎನ್ನುವುದು ಅವಸರದ ಮಾತಾದೀತು.

ಬೇರೆ ಗಿಡಗಳ ಕಥೆಯೂ ಹೆಚ್ಚುಕಡಿಮೆ ಇದೇ. ಭತ್ತದ ಗದ್ದೆಯ ಬದುಗಳಲ್ಲಿ ಬೆಳೆಯುವ ಗರುಗದಲ್ಲಿ ವೆಡೆಲೋಲ್ಯಾಕ್ಟೋನ್, ಬಾಯಿಗಿಟ್ಟರೆ ಕಹಿ ನೆತ್ತಿಗೇರುವ ಕಾಲಮೇಘದಲ್ಲಿ ಆಂಡ್ರೋಗ್ರಾಫೋಲೈಡ್ ಇದೆ. ಇವು ಇಲಿಗಳಲ್ಲಿ ಯಕೃತ್ತನ್ನು ಕಾಪಾಡಿದ ವರದಿಗಳಿವೆ. ಕಟುಕರೋಹಿಣಿಯ ಬೇರಿನಿಂದ ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ತಯಾರಿಸಿದ ಪಿಕ್ರೋಲಿವ್ ಎಂಬ ಸಾರ ಮದ್ಯ ಕುಡಿಸಿದ ಇಲಿಗಳಲ್ಲೂ ಫಲ ಕೊಟ್ಟಿದೆ. ಅದು ಹಿಮಾಲಯದ ಎತ್ತರದಲ್ಲಿ ಮಾತ್ರ ಬೆಳೆಯುವ ಗಿಡವಾದ್ದರಿಂದ ನಮ್ಮ ರೈತರು ಅದರ ಬೀಜಕ್ಕೆ ಹಣ ಕೊಟ್ಟು ಮೋಸಹೋಗಬಾರದು.

ಮನುಷ್ಯರ ಮೇಲಿನ ಪರೀಕ್ಷೆ

ಇಲಿಯಿಂದ ಮನುಷ್ಯನವರೆಗಿನ ದಾರಿಯಲ್ಲಿ ಏನಾಗುತ್ತದೆ ಎಂಬುದಕ್ಕೆ ಅತ್ಯುತ್ತಮ ಉದಾಹರಣೆ ಸಿಲಿಮಾರಿನ್. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡುಗಳಲ್ಲಿ ಬೆಳೆಯುವ, ನೇರಳೆ ಹೂವಿನ ಮುಳ್ಳುಗಿಡವಾದ ಮಿಲ್ಕ್ ಥಿಸಲ್‌ನ ಬೀಜದಿಂದ ಇದನ್ನು ತೆಗೆಯುತ್ತಾರೆ. ಇಲಿಗಳ ಪ್ರಯೋಗದಲ್ಲಿ ಬೇರೆ ಗಿಡಗಳನ್ನು ಹೋಲಿಸಿ ನೋಡುವ ಅಳತೆಗೋಲೇ ಇದು. ಥಾಯ್ಲೆಂಡಿನ ಪ್ರಯೋಗದಲ್ಲೂ ನೆಲನೆಲ್ಲಿಯನ್ನು ಹೋಲಿಸಿದ್ದು ಇದಕ್ಕೇ.

ಆಸ್ಟ್ರಿಯಾದ ವಿಯೆನ್ನಾದಿಂದ 1989ರಲ್ಲಿ ಬಂದ ವರದಿಯಲ್ಲಿ ಸಿರೋಸಿಸ್ ಆದ 170 ರೋಗಿಗಳಿದ್ದರು. ಅರ್ಧದಷ್ಟು ಜನರಿಗೆ ದಿನಕ್ಕೆ 420 ಮಿಲಿಗ್ರಾಂ ಸಿಲಿಮಾರಿನ್, ಉಳಿದವರಿಗೆ ಔಷಧಿಯಿಲ್ಲದ ಹುಸಿ ಗುಳಿಗೆ. ನಾಲ್ಕು ವರ್ಷಗಳ ಕೊನೆಯಲ್ಲಿ ಸಿಲಿಮಾರಿನ್ ಪಡೆದವರಲ್ಲಿ ನೂರಕ್ಕೆ 58, ಇತರರಲ್ಲಿ 39 ಮಂದಿ ಬದುಕಿದ್ದರು. ಎಲ್ಲರಲ್ಲೂ ಆಸೆ ಹುಟ್ಟಿತು. ಆದರೆ 1998ರಲ್ಲಿ ಸ್ಪೇನಿನಲ್ಲಿ ಕುಡಿತದಿಂದಲೇ ಸಿರೋಸಿಸ್ ಆದ 200 ಮಂದಿಯ ಮೇಲೆ ದಿನಕ್ಕೆ 450 ಮಿಲಿಗ್ರಾಂ ಕೊಟ್ಟು ನೋಡಿದಾಗ ಬದುಕುಳಿಯುವುದರಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ಇಂಥ 18 ಪರೀಕ್ಷೆಗಳ 1088 ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿದ 2007ರ ಕಾಕ್ರೇನ್ ವಿಮರ್ಶೆ, ಒಟ್ಟಾರೆ ಸಾವಿನ ಪ್ರಮಾಣದ ಮೇಲೆ ಸಿಲಿಮಾರಿನ್ ಪರಿಣಾಮ ಬೀರಿಲ್ಲವೆಂದು ಹೇಳಿತು. ಯಕೃತ್ತಿನ ಕಾರಣದಿಂದಾಗುವ ಸಾವು ಕಡಿಮೆಯಾದಂತೆ ಕಂಡರೂ, ಕಟ್ಟುನಿಟ್ಟಾಗಿ ನಡೆದ ಪರೀಕ್ಷೆಗಳನ್ನಷ್ಟೇ ಆರಿಸಿ ನೋಡಿದಾಗ ಆ ಲಾಭವೂ ಉಳಿಯಲಿಲ್ಲ. ಬೇಸಾಯದ ಪ್ರಯೋಗಗಳನ್ನು ನೋಡಿದವರಿಗೆ ಇದು ಹೊಸದೇನಲ್ಲ. ಒಂದು ತಾಕಿನಲ್ಲಿ ಚೆನ್ನಾಗಿ ಬಂದ ತಳಿ ಹತ್ತು ತಾಕುಗಳಲ್ಲಿ ಸಾಧಾರಣವಾಗುವುದುಂಟು.

ನೆಲನೆಲ್ಲಿಗೂ ಇಂಥದ್ದೇ ಅನುಭವ ಇನ್ನೊಂದು ರೋಗದಲ್ಲಿ ಆಗಿದೆ. 1988ರಲ್ಲಿ ಮದ್ರಾಸಿನ ವಿಜ್ಞಾನಿಗಳು, ಹೆಪಟೈಟಿಸ್ ಬಿ ವೈರಸ್ಸನ್ನು ಹೊತ್ತವರಿಗೆ 30 ದಿನ ನೆಲನೆಲ್ಲಿ ಕೊಟ್ಟಾಗ 37 ಮಂದಿಯಲ್ಲಿ 22 ಮಂದಿಯ ರಕ್ತದಲ್ಲಿ ವೈರಸ್ಸಿನ ಗುರುತು ಕಾಣೆಯಾಯಿತೆಂದೂ, ಹುಸಿ ಔಷಧಿ ಪಡೆದ 23 ಮಂದಿಯಲ್ಲಿ ಒಬ್ಬನಲ್ಲಿ ಮಾತ್ರ ಹಾಗಾಯಿತೆಂದೂ ವರದಿ ಮಾಡಿದರು. ಪ್ರಪಂಚವೆಲ್ಲ ನೆಲನೆಲ್ಲಿಯ ಕಡೆ ತಿರುಗಿ ನೋಡಿತು. ಬೇರೆ ಬೇರೆ ಕಡೆ ನಡೆದ ಮುಂದಿನ ಪರೀಕ್ಷೆಗಳಲ್ಲಿ ಈ ಫಲಿತಾಂಶ ಮತ್ತೆ ಸಿಗಲಿಲ್ಲ.

ಹಾಗಾದರೆ ಹಳ್ಳಿಗಳಲ್ಲಿ ನೆಲನೆಲ್ಲಿ ಕುಡಿದು ಕಾಮಾಲೆ ವಾಸಿಯಾದವರು ಸುಳ್ಳು ಹೇಳುತ್ತಾರೆಯೇ? ಇಲ್ಲ. ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ ಎಂಬ ಕಾಮಾಲೆ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆ ವಾರಗಳಲ್ಲಿ ಏನು ಕುಡಿದಿದ್ದರೂ ಯಶಸ್ಸು ಅದಕ್ಕೇ ಸಲ್ಲುತ್ತದೆ. ಕುಡಿತ ಬಿಟ್ಟು ಪಥ್ಯವಿದ್ದು ಮೂಲಿಕೆ ಸೇವಿಸಿದವನ ಯಕೃತ್ತು ಸುಧಾರಿಸಿದಾಗಲೂ ಅರ್ಧ ಯಶಸ್ಸು, ಹೆಚ್ಚಿನ ಸಂದರ್ಭಗಳಲ್ಲಿ ಅರ್ಧಕ್ಕಿಂತ ಹೆಚ್ಚು, ಬಿಟ್ಟ ಕುಡಿತದ್ದು. ಹಿಂದಿನ ನಾಟಿವೈದ್ಯರು ಔಷಧಿ ಕೊಡುವಾಗ ಉಪ್ಪು, ಹುಳಿ, ಹೆಂಡ ಬಿಡಬೇಕೆಂದು ಕಟ್ಟುನಿಟ್ಟು ಮಾಡುತ್ತಿದ್ದರು. ಅವರ ಚಿಕಿತ್ಸೆಯ ಗಟ್ಟಿ ಭಾಗ ಬಹುಶಃ ಅದೇ. ಈಗಿನವರು ಮೂಲಿಕೆಯನ್ನು ಇಟ್ಟುಕೊಂಡು ಪಥ್ಯವನ್ನು ಬಿಟ್ಟಿದ್ದಾರೆ.

ಅಪಾಯ ಎಲ್ಲಿದೆ

ಕುಡಿಯುವವರ ಕಣ್ಣು ಹಳದಿಯಾದರೆ ಅದನ್ನು ಸಾಮಾನ್ಯ ಕಾಮಾಲೆಯಂತೆ ಎಣಿಸಿ ಮನೆಮದ್ದಿನಲ್ಲಿ ದಿನ ಕಳೆಯಬಾರದು. ಮದ್ಯದಿಂದ ಬಂದ ಯಕೃತ್ತಿನ ಊತ ತೀವ್ರವಾಗಿದ್ದಲ್ಲಿ ಒಂದು ತಿಂಗಳೊಳಗೆ ನೂರಕ್ಕೆ 20ರಿಂದ 30 ಮಂದಿ ಸಾಯಬಹುದು. ಹೊಟ್ಟೆ ಉಬ್ಬುವುದು, ಕಪ್ಪು ಮಲ, ರಕ್ತ ವಾಂತಿ, ಮಾತು ತಡವರಿಸುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಸೇರಿಸಬೇಕು.

ಆಸವ, ಅರಿಷ್ಟ ಎಂಬ ಔಷಧಿಗಳು ಹುದುಗಿಸಿ ಮಾಡುವಂಥವು. ಅವುಗಳಲ್ಲಿ ತಾನಾಗಿ ಹುಟ್ಟಿದ ಮದ್ಯಸಾರ ನೂರಕ್ಕೆ 5ರಿಂದ 10, ಕೆಲವೊಮ್ಮೆ 12 ಪಾಲಿನವರೆಗೂ ಇರುತ್ತದೆ. ಕುಡಿತದಿಂದ ಯಕೃತ್ತು ಕೆಟ್ಟವನಿಗೆ ಯಕೃತ್ತಿನ ಔಷಧಿಯೆಂದು ಇವನ್ನೇ ಕೊಡುವುದು ವಿಪರ್ಯಾಸ. ಸೀಸೆಯ ಚೀಟಿಯನ್ನು ಓದದೆ ಕೊಳ್ಳಬಾರದು.

ಗಿಡಮೂಲಿಕೆಯಾದ ಮಾತ್ರಕ್ಕೆ ಯಕೃತ್ತಿಗೆ ಹಾನಿಯಿಲ್ಲ ಎಂಬ ಮಾತೂ ಸಲ್ಲದು. ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯ ಕಷಾಯ ಕುಡಿದ ಆರು ಮಂದಿಗೆ ಯಕೃತ್ತಿನ ಊತವಾದುದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಮರುವರ್ಷ ದೇಶದ 13 ಕೇಂದ್ರಗಳಿಂದ ಇಂಥ 43 ರೋಗಿಗಳ ವಿವರ ಬಂತು. ಅಮೃತಬಳ್ಳಿಯನ್ನೇ ಹೋಲುವ ಇನ್ನೊಂದು ಜಾತಿಯ ಬಳ್ಳಿ ಬೆರಕೆಯಾಗಿರಬಹುದೆಂದು ಆಯುಷ್ ಸಚಿವಾಲಯ ಹೇಳಿತು. ವಾದ ಏನೇ ಇರಲಿ, ಗಿಡದ ಗುರುತಿನಲ್ಲಿ ಎಚ್ಚರ ಬೇಕೆಂಬುದರಲ್ಲಿ ಎರಡು ಪಕ್ಷಗಳೂ ಒಂದೇ.

ರೈತರಿಗೇ ಸಂಬಂಧಿಸಿದ ಇನ್ನೆರಡು ವಿಷಯಗಳು. ಕುಡಿತದ ಮರುದಿನ ತಲೆನೋವಿಗೆಂದು ಪ್ಯಾರಾಸಿಟಮಾಲ್ ಗುಳಿಗೆಗಳನ್ನು ಮೇಲಿಂದ ಮೇಲೆ ನುಂಗುವುದು ಅಪಾಯ. ಗ್ಲುಟಾಥಯೋನ್ ದಾಸ್ತಾನು ಬರಿದಾದ ಯಕೃತ್ತಿನಲ್ಲಿ ಆ ಗುಳಿಗೆಯೇ ವಿಷವಾಗುತ್ತದೆ. ಕೀಟನಾಶಕ ಸಿಂಪಡಿಸಿದ ದಿನ ಮೈಕೈ ನೋವಿಗೆಂದು ಕುಡಿಯುವುದೂ ಸರಿಯಲ್ಲ. ಮೈಸೇರಿದ ಕೀಟನಾಶಕವನ್ನು ಒಡೆಯಬೇಕಾದ ಅಂಗವೂ ಅದೇ ಯಕೃತ್ತು. ಅಲ್ಲದೆ ವಿಷಪ್ರಭಾವದ ಮೊದಲ ಲಕ್ಷಣಗಳಾದ ತಲೆಸುತ್ತು, ವಾಕರಿಕೆಗಳನ್ನು ಮನೆಯವರು ಅಮಲೆಂದು ತಿಳಿದು ಸುಮ್ಮನಾಗುವ ಸಂಭವವಿದೆ.

ವರ್ಷಗಟ್ಟಲೆ ದಿನವೂ ಕುಡಿಯುತ್ತಿದ್ದವರು ಒಮ್ಮೆಗೇ ಬಿಟ್ಟಾಗ ಎರಡು ಮೂರು ದಿನಗಳಲ್ಲಿ ಕೈನಡುಕ, ಬೆವರು, ಭ್ರಮೆ, ಫಿಟ್ಸ್ ಬರುವುದುಂಟು. ಆದ್ದರಿಂದ ಬಿಡುವ ಕೆಲಸವನ್ನು ವೈದ್ಯರ ಸಲಹೆಯೊಡನೆ ಮಾಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವಿದೆ. ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಗ್ರಾಮ ಮಟ್ಟದ ವಿಸ್ತರಣಾ ಕಾರ್ಯಕರ್ತರು ಗೊಬ್ಬರ, ಬೀಜದ ಮಾಹಿತಿಯೊಡನೆ ಈ ಸಂಖ್ಯೆಯನ್ನೂ ಹಲಗೆಯ ಮೇಲೆ ಬರೆದಿಡಬಹುದು. ಕೇಳಿಕೊಂಡು ಬರಲು ಗಂಡಸರು ನಾಚುತ್ತಾರೆ, ಆದರೆ ಓದುತ್ತಾರೆ.

ಬೆಳೆಯುವವರಿಗೆ

ನೆಲನೆಲ್ಲಿ ಬೆಳೆಯುವವರು ಮೊದಲು ಕಲಿಯಬೇಕಾದದ್ದು ನೆಲನೆಲ್ಲಿ ಯಾವುದು ಎಂಬುದನ್ನು. ಒಂದೇ ಹೆಸರಿನಲ್ಲಿ ಹಲವು ಜಾತಿಗಳು ಓಡಾಡುತ್ತಿವೆ. ದಕ್ಷಿಣ ಭಾರತದ 25 ಅಂಗಡಿಗಳ ಮಾದರಿಗಳನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ನೂರಕ್ಕೆ 76 ಪಾಲು ಅಂಗಡಿಗಳಲ್ಲಿ ಮುಖ್ಯವಾಗಿ ಫಿಲಾಂಥಸ್ ಅಮಾರಸ್ ಇತ್ತು, ಉಳಿದ 24 ಪಾಲಿನಲ್ಲಿ ಅದರ ಐದು ಬಂಧುಗಳಿದ್ದವು.

ಸರಿಯಾದ ಗಿಡ ಒಂದೂವರೆಯಿಂದ ಎರಡು ಅಡಿ ಎತ್ತರ. ನೆಟ್ಟಗಿನ ಕಾಂಡದಿಂದ ಹೊರಟ ಸಣ್ಣ ರೆಂಬೆಗಳಲ್ಲಿ ಎಲೆಗಳು ಎರಡು ಸಾಲಾಗಿದ್ದು, ನೋಡಲು ಹುಣಿಸೆ ಎಲೆಯಂತಿರುತ್ತದೆ. ರೆಂಬೆಯ ಅಡಿಯಲ್ಲಿ ಸಣ್ಣ ತೊಟ್ಟಿನಿಂದ ನುಣುಪಾದ ಕಾಯಿಗಳು ಜೋತಾಡುತ್ತವೆ. ಭೂತಗನ್ನಡಿಯಲ್ಲಿ ನೋಡಿದರೆ ಹೆಣ್ಣು ಹೂವಿನಲ್ಲಿ ಐದು ಎಸಳು, ಬೀಜದ ಮೇಲೆ ಉದ್ದುದ್ದ ಗೆರೆಗಳು. ಕಾಂಡ ಕೆಂಪಾಗಿದ್ದು, ತೊಟ್ಟಿಲ್ಲದ ಕಾಯಿಯ ಮೈ ಒರಟಾಗಿದ್ದು, ಬೀಜದ ಮೇಲೆ ಅಡ್ಡಗೆರೆಗಳಿದ್ದರೆ ಅದು ಕೆಂಪು ನೆಲನೆಲ್ಲಿ, ಅಂದರೆ ಫಿಲಾಂಥಸ್ ಯುರಿನೇರಿಯ. ಹೆಣ್ಣು ಹೂವಿನಲ್ಲಿ ಆರು ಎಸಳು ಕಂಡರೆ ಅದೂ ಬೇರೆ ಜಾತಿ. ಎಲೆ ಬೆಣೆಯಾಕಾರವಾಗಿದ್ದು ಮುಖ್ಯ ಕಾಂಡದ ಮೇಲೂ ಇದ್ದರೆ ಅದು ಫಿಲಾಂಥಸ್ ಮದರಾಸ್‌ಪಟೆನ್ಸಿಸ್.

ಬೀಜಕ್ಕೆ ಲಕ್ನೋದ ಸಿಮ್ಯಾಪ್ ಸಂಸ್ಥೆಯ 'ಸಿಮ್-ಜೀವನ್' ಹೆಸರಾದ ತಳಿ. ಹೆಕ್ಟೇರಿಗೆ ಒಂದು ಕಿಲೋ ಬೀಜ ಸಾಕು. ಬೀಜ ಬಹಳ ಸಣ್ಣದಾದ್ದರಿಂದ ನಯವಾದ ಮರಳು ಬೆರೆಸಿ ಏರುಮಡಿಯ ಮೇಲೆ ತೆಳುವಾಗಿ ಚೆಲ್ಲಿ, ಹೂಝಾರಿಯಿಂದ ನೀರು ಕೊಡಬೇಕು. ಮೂರು ವಾರದ ಸಸಿಗಳನ್ನು 15 ಸೆಂಟಿಮೀಟರ್ ಸಾಲಿನಲ್ಲಿ 10 ಸೆಂಟಿಮೀಟರಿಗೊಂದರಂತೆ ನೆಡುವುದು ಶಿಫಾರಸು. ಹೆಕ್ಟೇರಿಗೆ ಆರೂವರೆ ಲಕ್ಷಕ್ಕೂ ಮೀರಿ ಸಸಿ ಬೇಕಾಗುವುದರಿಂದ ನಾಟಿಯ ಆಳಿನ ಖರ್ಚನ್ನು ಮೊದಲೇ ಲೆಕ್ಕ ಹಾಕಿಕೊಳ್ಳತಕ್ಕದ್ದು. ಮೊದಲ ವರ್ಷ ನಾಲ್ಕೈದು ಗುಂಟೆಗಿಂತ ಹೆಚ್ಚು ಹಾಕದಿರುವುದು ಜಾಣತನ. ನೀರು ಬಸಿದುಹೋಗುವ ಯಾವ ಮಣ್ಣಾದರೂ ಆದೀತು. ತೋಟದ ಅರೆನೆರಳನ್ನೂ ಇದು ತಡೆದುಕೊಳ್ಳುತ್ತದೆ. ಕೊಟ್ಟಿಗೆ ಗೊಬ್ಬರ ಹೆಕ್ಟೇರಿಗೆ 10ರಿಂದ 20 ಟನ್.

ಕಳೆ ತೆಗೆಯುವುದೇ ಇದರಲ್ಲಿ ನಾಜೂಕಿನ ಕೆಲಸ, ಏಕೆಂದರೆ ನೆಲನೆಲ್ಲಿ ಬೆಳೆಯಲ್ಲಿ ಬರುವ ಕೆಟ್ಟ ಕಳೆ ಇನ್ನೊಂದು ಜಾತಿಯ ನೆಲನೆಲ್ಲಿ. ಹೂ ಕಾಯಿ ಬಂದಾಗ ಗುರುತು ಹಿಡಿದು ಕೀಳಬೇಕು. ಕಳೆನಾಶಕ ಬಳಸಬಾರದು. ರಸ್ತೆ ಬದಿ, ಚರಂಡಿ ದಡ, ಕೀಟನಾಶಕ ಹೊಡೆದ ಹೊಲಗಳ ಗಿಡವನ್ನು ಇದರಲ್ಲಿ ಬೆರೆಸಕೂಡದು. ಇದು ಮೊದಲೇ ಯಕೃತ್ತು ಸೋತವರ ಹೊಟ್ಟೆ ಸೇರುವ ಮಾಲು.

ನೆಟ್ಟ 80ರಿಂದ 100 ದಿನಗಳಲ್ಲಿ, ಗಿಡ ಇನ್ನೂ ಹಸಿರಾಗಿರುವಾಗ ಕೊಯ್ಲು ಮಾಡಬೇಕು. ತಡವಾದರೆ ಕಾಯಿ ಸಿಡಿದು ಬೀಜ ಚೆಲ್ಲುತ್ತದೆ, ಎಲೆ ಉದುರುತ್ತದೆ. ಹೆಕ್ಟೇರಿಗೆ ಸುಮಾರು 17 ಟನ್ ಹಸಿ ಗಿಡ, ಒಣಗಿದ ಮೇಲೆ ಅದರ ಹತ್ತನೆಯ ಒಂದು ಭಾಗ ಸಿಗುತ್ತದೆ. ಸತ್ವವೆಲ್ಲ ಹೆಚ್ಚಾಗಿ ಎಲೆಯಲ್ಲಿರುವುದರಿಂದ ನೆರಳಿನಲ್ಲಿ ಟಾರ್ಪಾಲಿನ ಮೇಲೆ ಹರಡಿ, ಉದುರಿದ ಎಲೆಯನ್ನೂ ಒಟ್ಟುಮಾಡಿ ಚೀಲಕ್ಕೆ ಸೇರಿಸಬೇಕು. ಕಡ್ಡಿ ಮಾತ್ರ ಮಾರಿದವನಿಗೆ ಎರಡನೆಯ ಸಲ ಕೊಳ್ಳುವವನು ಸಿಗುವುದಿಲ್ಲ.

ಒಣಗಿಸುವುದರಲ್ಲಿ ಅವಸರ ಮಾಡಿದರೆ ಬರುವ ಕೇಡು ಬೆಲೆಯದ್ದಷ್ಟೇ ಅಲ್ಲ. ತೇವವಿರುವ ಮಾಲನ್ನು ಚೀಲಕ್ಕೆ ತುಂಬಿದಾಗ ಬೆಳೆಯುವ ಬೂಷ್ಟುಗಳಲ್ಲಿ, ಶೇಂಗಾ ಬೆಳೆಗಾರರಿಗೆ ಚೆನ್ನಾಗಿ ಗೊತ್ತಿರುವ ಅಸ್ಪರ್ಜಿಲಸ್ ಫ್ಲೇವಸ್ ಒಂದು. ಅದು ಉತ್ಪಾದಿಸುವ ಅಫ್ಲಟಾಕ್ಸಿನ್ ಎಂಬ ವಿಷ ನೇರವಾಗಿ ಹೊಡೆಯುವುದು ಯಕೃತ್ತನ್ನೇ, ಯಕೃತ್ತಿನ ಕ್ಯಾನ್ಸರಿಗೂ ಅದು ಕಾರಣ. ಕುದಿಸಿದರೂ ಅದು ಹೋಗುವುದಿಲ್ಲ. ಕಡ್ಡಿಯನ್ನು ಬಗ್ಗಿಸಿದಾಗ ಪಟ್ಟನೆ ಮುರಿಯುವಷ್ಟು ಒಣಗಿದ ಮೇಲೆಯೇ ಚೀಲ ಕಟ್ಟಿ, ನೆಲಕ್ಕೂ ಗೋಡೆಗೂ ತಾಗದಂತೆ ಮರದ ಹಲಗೆಯ ಮೇಲೆ ಇಡಬೇಕು. ಬೂಷ್ಟು ವಾಸನೆ ಬಂದ ಚೀಲವನ್ನು ಬಿಸಿಲಿಗೆ ಹಾಕಿ ಮತ್ತೆ ಮಾರುವ ಬದಲು ಸುಟ್ಟುಬಿಡುವುದು ಲೇಸು. ದನಗಳಿಗೂ ಹಾಕಬಾರದು.